ರಾಮನಗರದ ಬಂಡೆಗಳ ನಡುವೆ ಒಂದು ನರ್ತನ

ಪಂಪನ ‘ಆದಿಪುರಾಣ’ವನ್ನು (941) ಓದಿದ ಯಾರಿಗೂ ನೀಲಾಂಜನೆಯ ಪ್ರಸಂಗ ಅಪರಿಚಿತವಲ್ಲ. ರಾಜ್ಯಭೋಗದಲ್ಲಿ ಮುಳುಗಿರುವ ಪುರುದೇವನಲ್ಲಿ ವೈರಾಗ್ಯವನ್ನು ಮೂಡಿಸಲು ಇಂದ್ರನು, ಆಯುಷ್ಯ ತೀರುತ್ತ ಬಂದ ದೇವನರ್ತಕಿಯೊಬ್ಬಳನ್ನು ಆಸ್ಥಾನದಲ್ಲಿ ಕುಣಿಸುತ್ತಾನೆ. ಆಕೆ ಕುಣಿಯುತ್ತಿರುವಾಗಲೇ ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಅವಳಂತಹುದೇ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ, ಆದಿದೇವನಿಗೆ ಮಾತ್ರ ತಿಳಿಯುತ್ತದೆ. ಈ ಭಾಗವನ್ನು ಆದಿದೇವನ ಕಡೆಯಿಂದ ಓದಿದವರೇ ಹೆಚ್ಚು; ನರ್ತಕಿಯ ಕಡೆಯಿಂದ ಓದಿದವರು ಕಡಿಮೆ. ಅವಳು ಸಾಯಬೇಕಾದದ್ದು ಇನ್ನೊಬ್ಬರ ಜ್ಞಾನೋದಯಕ್ಕಾಗಿ.

ಇದಾಗಿ ಸಾವಿರ ವರ್ಷಗಳ ಮೇಲೆ ಕನ್ನಡ ನಾಡಿನ ಇನ್ನೊಂದು ತಾಣದಲ್ಲಿ ಇಂತಹುದೇ ಒಂದು ನರ್ತನ ನಡೆಯಿತು. ರಮೇಶ್ ಸಿಪ್ಪಿ ನಿರ್ದೇಶನದ ‘ಶೋಲೆ’ಯ ಚಿತ್ರೀಕರಣ ರಾಮನಗರದ ಬೆಟ್ಟಗಳಲ್ಲಿ 1973ರ ಅಕ್ಟೋಬರ್‌ನಲ್ಲಿ ಆರಂಭವಾಗಿ ಎರಡು ವರ್ಷಗಳ ಆಸುಪಾಸಿನವರೆಗೆ ಸಾಗಿತು. ಕಲಾನಿರ್ದೇಶಕ ರಾಮ್ ಯೆಡೇಕರ್ ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿಯನ್ನೇ ಕಟ್ಟಿಸಿದರು. ಚಿತ್ರದಲ್ಲಿ ಗಬ್ಬರನ ಬೀಡಿನಲ್ಲಿ, ಬೆಂಕಿಯ ಬೆಳಕಿನಲ್ಲಿ, ಅಲೆಮಾರಿ ಹೆಣ್ಣಿನ ವೇಷದಲ್ಲಿ ಹೆಲೆನ್ ಕುಣಿಯುತ್ತಾರೆ, ಜಲಾಲ್ ಆಘಾ ವಾದ್ಯ ನುಡಿಸುತ್ತಾರೆ, ಕಂಠ ಆರ್.ಡಿ. ಬರ್ಮನ್ನರದು. ಆ ಕುಣಿತದ ಮರೆಯಲ್ಲಿ ಇಬ್ಬರು ನಾಯಕರು ಡಕಾಯಿತರ ಮದ್ದುಗುಂಡುಗಳನ್ನು ಸಿಡಿಸಲು ಹೊಂಚು ಹಾಕುತ್ತಿರುತ್ತಾರೆ. ಇಲ್ಲಿಯೂ ನೃತ್ಯದ ಉದ್ದೇಶ ನರ್ತಕಿಯದಲ್ಲ. ಇಂದ್ರನ ತಂತ್ರಕ್ಕೂ ಚಿತ್ರಕಥೆಗಾರರ ತಂತ್ರಕ್ಕೂ ಇರುವ ಹೋಲಿಕೆ ಆಕಸ್ಮಿಕವೇ ಇರಬಹುದು, ಆದರೆ ಅಲಕ್ಷಿಸುವಂತಹುದಲ್ಲ.

ಹೆಲೆನ್ ಹುಟ್ಟಿದ್ದು 1938ರಲ್ಲಿ, ರಂಗೂನಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬರ್ಮಾವನ್ನು ವಶಪಡಿಸಿಕೊಂಡಾಗ ತಾಯಿಯೊಡನೆ ಕಾಡುಮೇಡುಗಳನ್ನು ನಡೆದು ಅಸ್ಸಾಮನ್ನು ಸೇರಿದ ನಿರಾಶ್ರಿತ ಬಾಲಕಿ ಆಕೆ. ಕುಟುಂಬ ಮುಂದೆ ಮುಂಬಯಿಯಲ್ಲಿ ನೆಲೆಸಿತು. ಮನೆಯ ಸ್ನೇಹಿತೆಯಾಗಿದ್ದ ನರ್ತಕಿ ಕುಕ್ಕೂ ಆಕೆಯನ್ನು 1950ರ ದಶಕದ ಆರಂಭದಲ್ಲಿ ಗುಂಪುನೃತ್ಯಕ್ಕೆ ಸೇರಿಸಿದರು. ಮಣಿಪುರಿ, ಭರತನಾಟ್ಯ, ಕಥಕ್ ಮೂರನ್ನೂ ಕಲಿತ ಈ ಕಲಾವಿದೆಗೆ ದೊರೆತದ್ದು ಮಾತ್ರ ಕ್ಯಾಬರೆ. ‘ಹೌರಾ ಬ್ರಿಡ್ಜ್’ (1958) ಚಿತ್ರದಲ್ಲಿ ಚೀನೀ ಹೆಣ್ಣು, ‘ಇಂತಕಾಮ್’ (1969) ಚಿತ್ರದಲ್ಲಿ ಪಂಜರದೊಳಗಿನ ಗಂಡಸನ್ನು ಕೆಣಕುವವಳು, ‘ಕಾರವಾನ್’ (1971) ಚಿತ್ರದಲ್ಲಿ ಬಾರದ ಪ್ರಿಯನಿಗಾಗಿ ಹಂಬಲಿಸುತ್ತ ಮೇಲುಡುಪನ್ನು ಕಳಚುವವಳು, ‘ಡಾನ್’ (1978) ಚಿತ್ರದಲ್ಲಿ ಪೊಲೀಸರು ಬರುವವರೆಗೆ ಅಪರಾಧಿಯನ್ನು ತಡೆದು ನಿಲ್ಲಿಸಲು ಕುಣಿಯುವವಳು. ಒಂದೊಂದಕ್ಕೂ ಒಂದು ವೇಷ, ಒಂದು ಕಥೆ, ಒಂದು ನೆಪ. ಪಶ್ಚಿಮದ ಬರ್ಲೆಸ್ಕ್ ನರ್ತಕಿ ರಂಗದ ಮೇಲೆ ವಸ್ತುಗಳನ್ನು ಆಯ್ದುಕೊಂಡು ಕಟ್ಟುವ ಪ್ರದರ್ಶನಗಳಿಗೆ ಭಾರತದಲ್ಲಿ ಹತ್ತಿರದ ಸಮಾನವಿದ್ದರೆ ಅದು ಈ ಹಾಡುಗಳ ಸಾಲು.

‘ಬರ್ಲೆಸ್ಕ್’ ಎಂಬ ಮಾತಿನ ಮೂಲಾರ್ಥ ವಿಡಂಬನೆ. ಅಮೆರಿಕದಲ್ಲಿ ಅದು ಹಾಸ್ಯ, ಹಾಡು ಹಾಗೂ ಬಟ್ಟೆ ಕಳಚುವ ಕುಣಿತಗಳ ಬೆರಕೆಯಾಯಿತು. ಸ್ಯಾಲಿ ರ್‍ಯಾಂಡ್ 1933ರ ಷಿಕಾಗೋ ವಿಶ್ವ ವಸ್ತುಪ್ರದರ್ಶನದ ಕಾಲದಲ್ಲಿ ಎರಡು ಗರಿಬೀಸಣಿಗೆಗಳಿಂದಲೇ ಹೆಸರಾದರು. ಜಿಪ್ಸಿ ರೋಸ್ ಲೀ ಪ್ರಸಿದ್ಧರಾದದ್ದು ಕಳಚಿದ್ದಕ್ಕಿಂತ ಹೆಚ್ಚಾಗಿ ಕಳಚಲು ತೆಗೆದುಕೊಳ್ಳುತ್ತಿದ್ದ ಹೊತ್ತಿನಿಂದ, ಆ ಹೊತ್ತಿನಲ್ಲಿ ಆಡುತ್ತಿದ್ದ ಚುರುಕು ಮಾತುಗಳಿಂದ. ವಿಳಂಬವೇ ಇಲ್ಲಿ ಶಿಲ್ಪ. ಹೆಲೆನ್ ಈ ವಿಳಂಬಕ್ಕೆ ಇನ್ನೊಂದು ತಿರುವು ಕೊಟ್ಟರು: ನೋಡುವವರು ಬರಿಮೈ ಎಂದುಕೊಂಡ ಕಡೆಯಲ್ಲೆಲ್ಲ ಮೈಬಣ್ಣದ ತೆಳುವಸ್ತ್ರವಿರುತ್ತಿತ್ತು. ಕಂಡದ್ದು ಮೈಯಲ್ಲ, ಮೈಯ ವೇಷ. ಕ್ಯಾಬರೆಯನ್ನು ಅಶ್ಲೀಲವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ವಿಮರ್ಶೆ ಈ ಒಂದು ಸಂಗತಿಯ ಎದುರಿನಲ್ಲಾದರೂ ಸ್ವಲ್ಪ ತಡೆದು ನಿಲ್ಲಬೇಕಾಗುತ್ತದೆ.

ನೆಪದ ಮಾತು ಬಂದಾಗ ಬೇಲೂರನ್ನು ಮರೆಯುವಂತಿಲ್ಲ. ಅಲ್ಲಿಯ ಮದನಿಕೆಯರಲ್ಲಿ ಒಬ್ಬಳ ಸೆರಗನ್ನು ಕೋತಿಯೊಂದು ಎಳೆಯುತ್ತಿದೆ. ಇನ್ನೊಬ್ಬಳು ಉಡುಗೆಯೊಳಗೆ ಸೇರಿದ ಚೇಳನ್ನು ಕೊಡವಲು ಬಟ್ಟೆಯನ್ನೇ ಸಡಿಲಿಸಿದ್ದಾಳೆ. ಹನ್ನೆರಡನೆಯ ಶತಮಾನದ ಶಿಲ್ಪಿಗೂ ಬೆತ್ತಲನ್ನು ತೋರಲು ಒಂದು ಕಥೆ ಬೇಕಾಯಿತು. ಆ ಶಿಲ್ಪಗಳ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ ಹೆಮ್ಮೆಯಿಂದ ವಿವರಿಸುವವರೇ ಹೆಲೆನ್ ಹೆಸರು ಬಂದೊಡನೆ ಮುಜುಗರ ಪಡುವುದು ವಿಚಿತ್ರವೇ ಸರಿ. ಕಲ್ಲಿಗೆ ಸಿಗುವ ವಿನಾಯಿತಿ ಜೀವಂತ ಹೆಣ್ಣಿಗೆ ಸಿಗುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿಯ ಪ್ರೇಕ್ಷಕರಿಗೆ ಬಟ್ಟೆ ಕಳಚುವ ದೃಶ್ಯ ಸಿನಿಮಾದಿಂದ ಬಂದದ್ದೇನೂ ಅಲ್ಲ. ಹಬ್ಬ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕಗಳಲ್ಲಿ ವಸ್ತ್ರಾಪಹರಣದ ಪ್ರಸಂಗ ಅವರು ತಪ್ಪದೆ ಕಾಯುವ ಭಾಗ. ಒಂದಕ್ಕೊಂದು ಗಂಟು ಹಾಕಿದ ಸೀರೆಗಳನ್ನು ದುಶ್ಶಾಸನ ಪಾತ್ರಧಾರಿ ಎಳೆಯುತ್ತ ಹೋಗುತ್ತಾನೆ, ಸೀರೆ ಮುಗಿಯುವುದಿಲ್ಲ, ಎಳೆದವನು ಸೋತು ಕೂರುತ್ತಾನೆ. ಗಂಡಸರು ಊರವರೇ, ದ್ರೌಪದಿಯ ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿ ಬರುತ್ತಾಳೆ. ರಂಗದ ಮೇಲೆ ಅವಳ ಮಾನ ಕಾಪಾಡಲು ಕೃಷ್ಣನಿದ್ದಾನೆ. ನಡುವೆ ಹಾಡಿಗೆ ಕುಣಿಯೆಂದು ಕೂಗುವ, ಕುಣಿದರೆ ನೋಟು ತೋರಿಸುವ ಮಂದಿಯ ಮುಂದೆ ಅದೇ ನಟಿಗೆ ಅಂತಹ ಆಸರೆ ಇಲ್ಲ. ಪೌರಾಣಿಕ ರಂಗಭೂಮಿಯ ಅಧ್ಯಯನಗಳು ಸಂಗೀತವನ್ನೂ ಸೀನರಿಯನ್ನೂ ಕುರಿತು ಬರೆದಷ್ಟು ಈ ಹೆಣ್ಣುಮಕ್ಕಳ ಬಗ್ಗೆ ಬರೆದಿಲ್ಲ.

ಆದಿಪುರಾಣದಲ್ಲಿ ನೃತ್ಯವನ್ನು ಕಂಡವನು ಮುಂದೆ ತಾನೇ ವಸ್ತ್ರಾಭರಣಗಳನ್ನು ತೊರೆಯುತ್ತಾನೆ. ಅವನದು ಒಂದೇ ಗಳಿಗೆಯ, ಪೂರ್ಣವಾದ ತೊರೆಯುವಿಕೆ. ನರ್ತಕಿಯದು ಎಂದೂ ಮುಗಿಯದಂತೆ ನೋಡಿಕೊಳ್ಳಬೇಕಾದ ಕೆಲಸ. ಒಂದು ಆಸೆಯನ್ನು ಕಡಿಯುತ್ತದೆ, ಇನ್ನೊಂದು ಆಸೆಯಿಂದಲೇ ಅನ್ನ ಸಂಪಾದಿಸುತ್ತದೆ. ಒಂದನ್ನು ಪೂಜಿಸುವ ಪರಂಪರೆ ಇನ್ನೊಂದನ್ನು ಅರ್ಥಮಾಡಿಕೊಳ್ಳಲಾರದಷ್ಟು ಬಡವಾಗಬೇಕಿಲ್ಲ. ಕನ್ನಡದ ಮೊದಲ ಮಹಾಕಾವ್ಯವೇ ಇಬ್ಬರನ್ನೂ ಒಂದೇ ಸಭೆಯಲ್ಲಿ ಎದುರುಬದುರು ನಿಲ್ಲಿಸಿದೆ.

ರಾಮದೇವರಬೆಟ್ಟ ಇಂದು ರಣಹದ್ದುಗಳ ಅಭಯಧಾಮ. ಜನರ ಬಾಯಲ್ಲಿ ಅದು ಶೋಲೆ ಬೆಟ್ಟವೂ ಹೌದು. ಬಂದವರು ಗಬ್ಬರನ ಬಂಡೆ ಯಾವುದೆಂದು ವಿಚಾರಿಸುತ್ತಾರೆ. ಹೆಲೆನ್ ಅವರಿಗೆ ‘ಲಹೂ ಕೇ ದೋ ರಂಗ್’ (1979) ಚಿತ್ರದ ಪೋಷಕ ಪಾತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಅದು ಅಭಿನಯಕ್ಕೆ, ಕುಣಿತಕ್ಕಲ್ಲ. ಪದ್ಮಶ್ರೀ ಬಂದದ್ದು 2009ರಲ್ಲಿ. ಆಕೆಯನ್ನು ಕೈಹಿಡಿದು ಕರೆತಂದ ಕುಕ್ಕೂ ಒಂದು ಕಾಲಕ್ಕೆ ಅದೇ ಸ್ಥಾನದಲ್ಲಿದ್ದವರು. ‘ಯಹೂದಿ’ (1958) ಚಿತ್ರದ ಒಂದು ಹಾಡಿನಲ್ಲಿ ಇಬ್ಬರೂ ಜೊತೆಯಾಗಿ ಕುಣಿದಿದ್ದಾರೆ. ಅನಂತರ ಒಬ್ಬರು ಮರೆಯಾದರು, ಇನ್ನೊಬ್ಬರು ಆ ಜಾಗದಲ್ಲಿ ನಿಂತರು. ಸಭೆಯಲ್ಲಿ ರಸಭಂಗವೇನೂ ಆಗಲಿಲ್ಲ. ಕುಕ್ಕೂ 1981ರಲ್ಲಿ ಕ್ಯಾನ್ಸರಿನಿಂದ, ಬಡತನದಲ್ಲಿ ತೀರಿಕೊಂಡರು.