ಅನ್‌ಲೈಕ್ಲಿ: ಅಮ್ಮ ಕಲಿಸಿದ ಅರ್ಥ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತಾ, “ಸಾರ್, ಅನ್‌ಲೈಕ್ಲಿ ಎಂಬುದು ‘ಲಿ’ ಎಂದು ಮುಗಿದರೂ ಕ್ರಿಯಾವಿಶೇಷಣವಲ್ಲ ಎಂದು ನೀವು ಹೇಳಿದ್ದು ಇಂದಿಗೂ ನೆನಪಿದೆ” ಎಂದರು. ಮೇಷ್ಟರಿಗೆ ಇದಕ್ಕಿಂತ ಸಂತೋಷದ ಮಾತು ಬೇರೆ ಯಾವುದಿದೆ?

ಸ್ಲೋಲಿ, ಕ್ವಿಕ್ಲಿ ಮುಂತಾದವು ಕ್ರಿಯಾವಿಶೇಷಣಗಳು. ಅನ್‌ಲೈಕ್ಲಿ ಮಾತ್ರ ಫ್ರೆಂಡ್ಲಿ, ಲೋನ್ಲಿಗಳಂತೆ ಗುಣವಾಚಕ. ‘ಹೀ ಈಸ್ ಅನ್‌ಲೈಕ್ಲಿ ಟು ಕಮ್’ ಎನ್ನಬಹುದು. ‘ಇಟ್ ಈಸ್ ಅನ್‌ಲೈಕ್ಲಿ ದಟ್ ಹೀ ವಿಲ್ ಕಮ್’ ಎಂದೂ ಹೇಳಬಹುದು. ‘ಹೀ ವಿಲ್ ಅನ್‌ಲೈಕ್ಲಿ ಕಮ್’ ಎಂದು ಬರೆದವರ ಉತ್ತರಪತ್ರಿಕೆಗಳಲ್ಲಿ ನಾನೆಳೆದ ಕೆಂಪು ಗೆರೆಗಳಿಗೆ ಲೆಕ್ಕವಿಲ್ಲ. ಆದರೆ ಆ ಪದದ ಅರ್ಥವನ್ನು ನನಗೆ ಕಲಿಸಿದವರು ಯಾರೆಂಬುದನ್ನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ.

1987ರಲ್ಲಿ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಬಡಿಯಿತು. ಆಗಷ್ಟೇ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದೆ. ಆಸ್ಪತ್ರೆಯ ವೈದ್ಯರು ನನ್ನನ್ನು ಬದಿಗೆ ಕರೆದು, “ಹೀ ಈಸ್ ಅನ್‌ಲೈಕ್ಲಿ ಟು ವಾಕ್ ಅಗೇನ್” ಎಂದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅಮ್ಮನಿಗೆ ನಾನು, “ಅಪ್ಪ ಇನ್ನು ನಡೆಯೋದಿಲ್ಲವಂತೆ” ಎಂದುಬಿಟ್ಟೆ.

ಅಮ್ಮ ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಡೆಯೋದೇ ಇಲ್ಲ ಅಂದ್ರೋ, ನಡೆಯಲಿಕ್ಕಿಲ್ಲ ಅಂದ್ರೋ? ಸರಿಯಾಗಿ ಕೇಳ್ಕೊಂಡು ಬಾ ಮಗಾ” ಎಂದರು.

ಮೂರನೆಯ ತರಗತಿಯವರೆಗೆ ಓದಿದ್ದ ಅಮ್ಮನ ಮುಂದೆ ಇಂಗ್ಲಿಷ್ ಮೇಷ್ಟರಾದ ನಾನು ತಲೆತಗ್ಗಿಸಿದೆ. ಮತ್ತೆ ವೈದ್ಯರನ್ನು ಕೇಳುವ ಅಗತ್ಯವಿರಲಿಲ್ಲ. ನಮ್ಮ ವ್ಯಾಕರಣದಲ್ಲಿ ‘ನಡೆಯರು’ ನಿಷೇಧಾರ್ಥ, ‘ನಡೆದಾರು’ ಸಂಭಾವನಾರ್ಥ. ಇವೆರಡರ ನಡುವಿನ ಕಿರುದಾರಿ ‘ನಡೆಯಲಿಕ್ಕಿಲ್ಲ’. ಅನ್‌ಲೈಕ್ಲಿ ಎಂಬುದರ ಸ್ಥಾನವೂ ಅದೇ. ಅದು ಇಂಪಾಸಿಬಲ್ ಅಲ್ಲ. ವೈದ್ಯರು ಒಂದಿಷ್ಟು ತೆರೆದಿಟ್ಟಿದ್ದ ಬಾಗಿಲನ್ನು ನಾನು ಅನುವಾದದಲ್ಲಿ ಮುಚ್ಚಿಬಿಟ್ಟಿದ್ದೆ.

“ನಡೆಯಲಿಕ್ಕಿಲ್ಲ ಅಂದ್ರಮ್ಮ” ಎಂದೆ. “ಹಾಗಾದ್ರೆ ನೋಡೋಣ” ಎಂದು ಎದ್ದರು.

ಮನೆಗೆ ಬಂದ ಮೇಲೆ ವೈದ್ಯರು ಹೇಳಿಕೊಟ್ಟಿದ್ದ ವ್ಯಾಯಾಮಗಳನ್ನು ಅಮ್ಮ ಒಂದು ದಿನವೂ ತಪ್ಪಿಸದೆ ಮಾಡಿಸಿದರು. ಎಂಟು ತಿಂಗಳ ನಂತರ ಅಪ್ಪ ಗೋಡೆ ಹಿಡಿದು ನಡುಮನೆಯಿಂದ ಜಗಲಿಯವರೆಗೆ ಬಂದರು. ಅದಕ್ಕಿಂತ ಮುಂದೆ ಅವರು ಎಂದೂ ಹೋಗಲಿಲ್ಲ; ತೋಟವನ್ನು ಜಗಲಿಯಿಂದಲೇ ನೋಡುತ್ತಿದ್ದರು. ವೈದ್ಯರ ಮಾತು ಸುಳ್ಳಾಗಲಿಲ್ಲ, ಅಮ್ಮನ ಶ್ರಮವೂ ವ್ಯರ್ಥವಾಗಲಿಲ್ಲ.

ಅಂದಿನಿಂದ ಆ ಪದವನ್ನು ಕಲಿಸುವಾಗಲೆಲ್ಲ ಕಪ್ಪುಹಲಗೆಯ ಮೇಲೆ ‘ಆಗುವುದಿಲ್ಲ’ ಎಂದು ಬರೆಯದೆ ‘ಆಗಲಿಕ್ಕಿಲ್ಲ’ ಎಂದೇ ಬರೆದೆ. ಆದರೂ ಅಂಕಪಟ್ಟಿ ಕೊಡುವ ದಿನಗಳಲ್ಲಿ ನಿಮ್ಮಲ್ಲಿ ಕೆಲವರ ತಂದೆತಾಯಿಯರೆದುರು “ಇವನಿಂದ ಆಗುವುದಿಲ್ಲ” ಎಂದು ಬೇಸರದಲ್ಲಿ ಅಂದಿರಬಹುದು. ಅಂದಿದ್ದರೆ, ಅಲ್ಲೊಂದು ಕೆಂಪು ಗೆರೆ ಎಳೆದು ತಿದ್ದಿಕೊಳ್ಳಿ. ತಪ್ಪು ನನ್ನದು.