ವಿಶ್ವಸುಂದರಿಯ ಬಾಕಿ ಲೆಕ್ಕ

ನಮ್ಮ ಮಂಗಳೂರಿನಲ್ಲಿ ಸಿರಿತನಕ್ಕೆ ಒಂದು ವಾಸನೆಯಿತ್ತು. ಬೊಂಬಾಯಿಯಿಂದ ಬಂದವರಲ್ಲಿ ಅದು ಪೌಡರಿನದು. ಗಲ್ಫಿನಿಂದ ಬಂದವರಲ್ಲಿ ಸೆಂಟೂ ಟೈಗರ್ ಬಾಮೂ ಬೆರೆತದ್ದು. ನಮ್ಮ ಓಣಿಯ ಜಗಲಿಗಳಲ್ಲಿ ಮಾತ್ರ ಸದಾ ಹೊಗೆಸೊಪ್ಪಿನ ಘಾಟು. ಹೆಂಗಸರು ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಪಳಗಿದ ಬೆರಳುಗಳಿಗೆ ಕಣ್ಣಿನ ಹಂಗಿರಲಿಲ್ಲ. ಹಾಗಾಗಿ ಕಣ್ಣುಗಳು ಬೇಕಾದಲ್ಲಿಗೆ ಹೋಗಿಬರುತ್ತಿದ್ದವು.

1994ರ ನವೆಂಬರಿನಲ್ಲಿ ಅವು ದಕ್ಷಿಣ ಆಫ್ರಿಕಾದ ಸನ್ ಸಿಟಿಯವರೆಗೂ ಹೋದವು. ಮಂಗಳೂರಿನಲ್ಲಿ ಹುಟ್ಟಿದ, ತುಳು ಮನೆಮಾತಿನ ಐಶ್ವರ್ಯಾ ರೈ ಅಲ್ಲಿ ವಿಶ್ವಸುಂದರಿಯಾಗಿದ್ದರು. ಪಕ್ಕದ ಮನೆಯ ಅಕ್ಕ ಪೇಪರಿನಲ್ಲಿ ಬಂದ ಕಿರೀಟದ ಫೋಟೊವನ್ನು ಬೀಡಿ ಎಲೆಯ ಕತ್ತರಿಯಲ್ಲೇ ಕತ್ತರಿಸಿ ಕ್ಯಾಲೆಂಡರಿನ ದೇವರ ಪಕ್ಕ ಅಂಟಿಸಿದಳು. "ಅವಳು ಬೆಳೆದದ್ದು ಬೊಂಬಾಯಿಯಲ್ಲಿ ಮಾರಾಯ್ತಿ" ಎಂದು ಯಾರಾದರೂ ಅಂದರೆ, "ಹುಟ್ಟಿದ್ದು ಎಲ್ಲಿ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹುಟ್ಟುವ ಕೆಲಸವನ್ನು ತಾನೂ ಸರಿಯಾದ ಊರಲ್ಲೇ ಮುಗಿಸಿದ್ದೇನೆ, ಉಳಿದದ್ದು ನಿಧಾನಕ್ಕಾದೀತು ಎಂಬ ಧೈರ್ಯ ಅವಳದು.

ಸ್ಪರ್ಧೆಯಲ್ಲಿ ಪ್ರಶ್ನೆ ಕೇಳುತ್ತಾರಂತೆ. ತೀರ್ಪುಗಾರನ ಹುದ್ದೆ ನನಗೆ ಸಿಕ್ಕಿತು. ಬೀಡಿಯ ತುದಿ ಮಡಚುತ್ತಾ ಕೇಳುತ್ತಿದ್ದೆ: "ವಿಶ್ವಸುಂದರಿಯಾದರೆ ಮೊದಲು ಎಂತ ಮಾಡ್ತೀರಿ?"

"ಅಂಗಡಿಯ ಬಾಕಿ ಕೊಡ್ಲಿಕ್ಕುಂಟು. ಆಮೇಲೆ ಅಮ್ಮನಿಗೆ ಕನ್ನಡಕ. ಮತ್ತೆ ಲೋಕಶಾಂತಿ."

ಈ ಅನುಕ್ರಮದಲ್ಲಿ ನನಗೆ ಇಂದಿಗೂ ತಪ್ಪು ಕಾಣುವುದಿಲ್ಲ. ಆದರೆ ಅವಳಿಗೆ ಸಿಕ್ಕ ನಿಜವಾದ ತೀರ್ಪುಗಾರ ಬೀಡಿ ಬ್ರಾಂಚಿನ ಚೆಕ್ಕರ್. ಆತ ಒಂದೊಂದು ಕಟ್ಟನ್ನೂ ತಿರುಗಿಸಿ ನೋಡಿ, ನಡು ದಪ್ಪ, ಬಾಯಿ ಸೊಟ್ಟ ಎಂದು ಬದಿಗೆಸೆಯುತ್ತಿದ್ದ. ಸನ್ ಸಿಟಿಯಲ್ಲೂ ಅಷ್ಟು ನಿಷ್ಠುರರು ಇದ್ದಿರಲಾರರು.

ನನ್ನ ಕನಸೂ ಬೊಂಬಾಯಿಯದೇ: ಹೋಟೆಲು, ರಾತ್ರಿಶಾಲೆ, ಆಮೇಲೆ ಸಿನಿಮಾ. ಮುಲ್ಕಿಯ ಸುನಿಲ್ ಶೆಟ್ಟಿ ಹೀರೊ ಆಗಿರಲಿಲ್ಲವೇ! ಅವರ ತಂದೆ ಎಳೆಯ ವಯಸ್ಸಿನಲ್ಲೇ ಬೊಂಬಾಯಿ ಸೇರಿ, ಹೋಟೆಲಿನಲ್ಲಿ ಮೇಜು ಒರೆಸಿ ಮೇಲೆ ಬಂದವರೆಂದು ಎಷ್ಟೋ ವರ್ಷಗಳ ನಂತರ ಓದಿದೆ. ನನ್ನ ಕನಸಿನಲ್ಲಿ ಮೇಜು ಒರೆಸುವ ದೃಶ್ಯಕ್ಕೆ ಜಾಗವೇ ಇರಲಿಲ್ಲ. ಬೊಂಬಾಯಿಗೂ ಇದ್ದದ್ದು ಅಷ್ಟಕ್ಕಷ್ಟೆ. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡು, ಕಪ್ಪು ಕನ್ನಡಕ ಹಾಕಿ ಸೂಟ್‌ಕೇಸ್ ಹಿಡಿದು ಇಳಿಯುತ್ತಿದ್ದ ನಾನು, "ಇದು ಯಾರು ಮಾರಾಯ?" ಎನ್ನುವ ಓಣಿಯವರು. ಬಡತನದಿಂದ ಓಡಿಹೋಗುವ ಆಸೆಯೇನೋ ನಿಜ. ಆದರೆ ನಮ್ಮ ಸಿರಿಯನ್ನು ಕಂಡು ಬೆರಗಾಗಲು ಅದೇ ಬಡ ಓಣಿ ಬೇಕಿತ್ತು, ಅದೂ ಒಂದಿಷ್ಟೂ ಬದಲಾಗದೆ ಅಲ್ಲೇ ಕಾದಿರಬೇಕಿತ್ತು. ಎಂಥ ಸ್ವಾರ್ಥದ ಪ್ರೀತಿ!

ನಾನು ಗುಮಾಸ್ತನಾದೆ. ಅಕ್ಕ ಬೀಡಿ ಕಟ್ಟಿಯೇ ಮಗಳಿಗೆ ನರ್ಸಿಂಗ್ ಓದಿಸಿದಳು, ಮಗಳೀಗ ದುಬೈಯಲ್ಲಿದ್ದಾಳೆ. ಅಂಗಡಿಯ ಬಾಕಿ ತೀರಿತು. ಕನ್ನಡಕ ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಅದು ಅಕ್ಕನಿಗೇ ಬೇಕಾಗಿತ್ತು. ಮೊನ್ನೆ ಸಿಕ್ಕಾಗ ಅದನ್ನು ಸೆರಗಿನಲ್ಲಿ ಒರೆಸಿ, ಮೂಗಿನ ಮೇಲೇರಿಸಿ ನನ್ನನ್ನು ದಿಟ್ಟಿಸಿದಳು.

"ಎರಡು ಆಯಿತು ಮಾರಾಯ. ಇನ್ನು ಲೋಕಶಾಂತಿ ಒಂದು ಬಾಕಿ."