ಮೆಣಸಿನ ತೋಟಕ್ಕೆ ಕಡಲ ಕಳೆ

ಮೇ 12, 2024, ಭಾನುವಾರ, ಕಕ್ಕಬೆ

ಮಳೆ ಹಿಡಿಯುವ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಸಬೇಕು. ಗೋದಾಮಿನಲ್ಲಿ ಮೈಲುತುತ್ತ, ಸುಣ್ಣದ ಪಕ್ಕದಲ್ಲಿ ಇನ್ನೊಂದು ಕ್ಯಾನು, ಕಡಲ ಕಳೆಯ ಸಾರ. ಅದನ್ನು ಬೋರ್ಡೋ ಜತೆ ಬೆರೆಸದೆ ಬೇರೆ ದಿನ ಸಿಂಪಡಿಸುತ್ತೇವೆ. ಅಂಗಡಿಯಲ್ಲಿ ಗೊಬ್ಬರ ಅಂತಲೇ ಕೊಡುತ್ತಾರೆ. ಗೊಬ್ಬರವೇನಲ್ಲ. ಒಂದಿಷ್ಟು ಪೊಟ್ಯಾಷ್, ಗಿಡ ಚಿಗುರಲು ಬೇಕಾದ ಹಾರ್ಮೋನು, ಅಷ್ಟೇ. 2021ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶ ತಿದ್ದಿ ಇಂಥವನ್ನು ಜೈವಿಕ ಪ್ರಚೋದಕಗಳೆಂದು ಬೇರೆ ಮಾಡಿದ್ದು ಒಳ್ಳೆಯದಾಯಿತು.

ಮೇ 14, ಮಂಗಳವಾರ

ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದಾನೆ. ಬಯೋಟೆಕ್ ಓದಿದವನು. ಊಟವಾದ ಮೇಲೆ ಮಾತು ಕ್ಯಾನಿನ ಕಡೆ ತಿರುಗಿತು.

"ಇದು ಕಪ್ಪಾಫೈಕಸ್ ಮಾವ. ಫಿಲಿಪ್ಪೀನ್ಸ್ ಕಡೆಯದು."

ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ಇದನ್ನು ತರಿಸಿ ಬೆಳೆಸಿ ನೋಡಿತಂತೆ. ಅಲ್ಲಿಂದ ತಮಿಳುನಾಡಿನ ಮಂಡಪಂಗೆ. ರಾಮನಾಥಪುರದ ಮೀನುಗಾರ ಹೆಂಗಸರಿಂದ ಮೊದಲು ಪೆಪ್ಸಿ ಕಂಪನಿ ಗುತ್ತಿಗೆಯಲ್ಲಿ ಬೆಳೆಸಿತು, 2008ರಲ್ಲಿ ಅಕ್ವಅಗ್ರಿ ಎಂಬ ಹೊಸ ಕಂಪನಿ ಆ ವ್ಯವಹಾರ ಕೊಂಡಿತು. ಮೂರು ಮೀಟರ್ ಚೌಕದ ಬಿದಿರ ತೆಪ್ಪ, ಅಡ್ಡಡ್ಡ ಹಗ್ಗ, ಹಗ್ಗಕ್ಕೆ ಕಟ್ಟಿದ ಕಳೆಯ ತುಂಡು. 45 ದಿನಕ್ಕೆ ಕೊಯ್ಲು. ಒಣಗಿಸಿ ಮಾರಿದರೆ ಅದರಿಂದ ಕ್ಯಾರಗೀನನ್ ಎಂಬ ಅಂಟು ತೆಗೆಯುತ್ತಾರೆ, ಐಸ್‌ಕ್ರೀಮಿಗೆ, ಟೂತ್‌ಪೇಸ್ಟಿಗೆ. ಹಸಿಯಲ್ಲೇ ಹಿಂಡಿದರೆ ರಸ ನಮ್ಮಂಥವರ ತೋಟಕ್ಕೆ, ಉಳಿದ ಹಿಪ್ಪೆ ಅಂಟಿಗೆ. ಹೀಗೆ ಎರಡೂ ದಕ್ಕುವ ವಿಧಾನಕ್ಕೆ ಪೇಟೆಂಟ್ ಭಾವನಗರದವರದೇ. ಲಾಭ ಇರುವುದು ಆ ಹಿಂಡುವಲ್ಲಿ. ಬೆಳಗಿನಿಂದ ಸೊಂಟದ ಮಟ್ಟ ನೀರಿನಲ್ಲಿ ನಿಂತವರ ಕೈಗೆ ಬರುವುದು ಕಳೆಯ ತೂಕಕ್ಕೆ ಸಿಕ್ಕ ದುಡ್ಡು ಮಾತ್ರ.

ಮೇ 15, ಬುಧವಾರ

ಬೆಂಗಳೂರಿನಲ್ಲೇ ಕಡಲ ಕಳೆಯ ಕಂಪನಿ ಇದೆಯಂತೆ, ಸೀ ಸಿಕ್ಸ್ ಎನರ್ಜಿ, 2010ರಲ್ಲಿ ಶುರುವಾದದ್ದು. ಕಡಲೇ ಇಲ್ಲದ ಊರಿನಲ್ಲಿ! ಈಗ ಇಂಡೋನೇಷ್ಯಾದ ಲೊಂಬಾಕ್ ದ್ವೀಪದ ಬಳಿ ಒಂದು ಚದರ ಕಿಲೋಮೀಟರ್ ಕಡಲಲ್ಲಿ ಯಂತ್ರದಿಂದಲೇ ನೆಟ್ಟು ಕೊಯ್ಯುತ್ತಿದ್ದಾರೆ.

ಕಾರವಾರ, ಮಂಗಳೂರು ಯಾಕೆ ಬೇಡ ಎಂದೆ.

"ಮಳೆ ಮಾವ."

ಜೂನ್ ಬಂತೆಂದರೆ ಅಲೆ ಏಳುತ್ತದೆ. ಕಾಳಿ, ಶರಾವತಿ, ನೇತ್ರಾವತಿ ತುಂಬಿ ಬಂದು ದಡದ ನೀರಿನ ಉಪ್ಪು ಇಳಿಯುತ್ತದೆ. ಉಪ್ಪು ಇಳಿದರೆ ಈ ಕಳೆ ಬದುಕುವುದಿಲ್ಲ. ನಮ್ಮ ಮಳೆ ದೇವರು ಪಾಡಿ ಇಗ್ಗುತ್ತಪ್ಪನ ಮುಂದೆ ನಿಂತು ನಾವು ಬೇಡುವುದೂ ಅದೇ ಮಳೆಯನ್ನೇ. ಅಳಿವೆಗಳಲ್ಲಿ ಚಿಪ್ಪು ಕೃಷಿ, ಪಂಜರದಲ್ಲಿ ಮೀನು, ನಮ್ಮ ಕರಾವಳಿಗೆ ಅವೇ ಸರಿ.

ಮೇ 19, ಭಾನುವಾರ

ಅವನು ಹೊರಟ. ಅಟ್ಟದ ಮೇಲೆ ಅಪ್ಪನ ಖಾಲಿ ಜೇನುಪೆಟ್ಟಿಗೆಗಳನ್ನು ಕಂಡು, ಯಾಕೆ ಬಿಟ್ಟಿರಿ ಎಂದು ಕೇಳಿದ್ದ. ಕಕ್ಕಬೆ ಎಂದರೆ ಜೇನು ಎನ್ನುವ ಕಾಲವಿತ್ತು. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಜೇನಿನ ಮರಿಗಳೆಲ್ಲ ಸತ್ತವು, ಪೆಟ್ಟಿಗೆಗಳು ಬರಿದಾದವು. ಮಂಡಪಂ ಪಕ್ಕದ ಪಾಂಬನ್ ಕಡೆ ಕಳೆ ಬೆಳೆಸುವವರಿಗೂ ಆದದ್ದು ಹೆಚ್ಚುಕಡಿಮೆ ಇದೇ. 2013ರಲ್ಲಿ ನೀರು ಬಿಸಿಯಾಗಿ ಕಳೆ ರಾಶಿರಾಶಿ ಕೊಳೆಯಿತು. ತುಂಡಿನಿಂದ ತುಂಡು ಬೆಳೆಸಿದ ಒಂದೇ ಸಂತಾನ, ಒಂದು ಸೋತರೆ ಎಲ್ಲವೂ ಸೋತಂತೆ. ಇನ್ನೊಂದು ಕಡೆ, ಅಲ್ಲೇ ಹತ್ತಿರದ ಕುರುಸಡೈ ದ್ವೀಪದ ಹವಳದ ಮೇಲೆ ಅದೇ ಕಳೆ ಹಬ್ಬಿ ಹವಳವನ್ನು ಮುಚ್ಚಿತು. ಸಾಕಿದ ಕಡೆ ಸಾಯುತ್ತದೆ, ಬೇಡದ ಕಡೆ ಹಬ್ಬುತ್ತದೆ. ಹೊರಗಿನ ತಳಿ ತರುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಜೂನ್ 2, ಭಾನುವಾರ

ಸಿಂಪಡಣೆ ಮುಗಿಯಿತು. ತಡಿಯಂಡಮೋಳ್ ಬೆಟ್ಟದ ಕಡೆ ಮೋಡ ಕಟ್ಟಿದೆ.

ಜೇನಿನ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. 1936ರಲ್ಲೇ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಕಟ್ಟಿದರು, ಬಾಟಲಿಯ ಮೇಲೆ ಸಂಘದ ಹೆಸರೇ ಇತ್ತು. ಕಾಫಿಯಲ್ಲಿ ಆ ಜಾಣತನ ಉಳಿಯಲಿಲ್ಲ. ಕಣದಿಂದ ಚೀಲ ಎತ್ತಿ ಕೊಟ್ಟು ಸುಮ್ಮನಾಗುತ್ತೇವೆ, ಹುರಿದವನಿಗೆ ಲಾಭ. ಪಾಂಬನ್ನಿನ ಹೆಂಗಸರೂ ಅದೇ ದಾರಿ ಹಿಡಿದರೆ ಬಯೋಟೆಕ್‌ನಿಂದ ಅವರಿಗೆ ಸಿಗುವುದು ಕೂಲಿಯೇ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲ ಕಳೆಗೆಂದೇ 640 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ತೆಪ್ಪಕ್ಕೆ, ಹಗ್ಗಕ್ಕೆ ಸಬ್ಸಿಡಿ ಕೊಟ್ಟರೆ ಸಾಲದು. ಹಿಂಡುವ ಯಂತ್ರ ದಡದಲ್ಲೇ, ಆ ಹೆಂಗಸರ ಸಂಘದ ಹೆಸರಿನಲ್ಲೇ ಇರಬೇಕು.